12 ಎಚ್‌ಪಿ ಎಂಜಿನ್‌ಗೆ 16ರ ಕಾರ್ಬುರೇಟರ್ ಬೇಡ

ಸೋಮವಾರಪೇಟೆ ತೋಟದ ಹಳೇ ಟ್ರ್ಯಾಕ್ಟರಿನ 12 ಎಚ್‌ಪಿ ಕೊಹ್ಲರ್ ಕೆ301 ಎಂಜಿನ್‌ಗೆ 16 ಎಚ್‌ಪಿ ಎಂಜಿನ್ನಿನ ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಸರ್. ಕಾರ್ಬುರೇಟರಿನ ಬಾಯಿ, ಅಂದರೆ ಗಾಳಿ ಹೋಗುವ ದಾರಿ, ದೊಡ್ಡದಾದರೆ ಗಾಳಿಯ ವೇಗ ಕಮ್ಮಿಯಾಗುತ್ತದೆ, ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ, ಐಡಲಿಂಗ್‌ನಲ್ಲಿ ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ಎಂಜಿನ್ ಅದೇ 476 ಸಿಸಿ ತಾನೇ, ಪವರ್ ಸುಮ್ನೆ ಎಲ್ಲಿಂದ ಬರುತ್ತದೆ?

ಮೊದಲು ಹಳೇ ಕಾರ್ಬುರೇಟರಿನ ಥ್ರಾಟಲ್ ಶಾಫ್ಟ್ (ಗಾಳಿಯ ತಟ್ಟೆ ತಿರುಗಿಸುವ ಕಡ್ಡಿ) ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ. ಲೇತ್‌ನವರ ಹತ್ತಿರ ಬುಷ್ ಹಾಕಿಸಿದರೆ ಹಳೆಯದೇ ನಡೆಯುತ್ತದೆ. ನಮ್ಮ ಮಳೆಗಾಲ ಗೊತ್ತಲ್ವಾ, ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಕೂಡ ಬಿಚ್ಚಿ ನೋಡಿ. ನನ್ನದರಲ್ಲಿ ಪೆಟ್ರೋಲ್ ಅಡಿಯಲ್ಲಿ ಗೋಲಿಯಂತೆ ನೀರು ಉರುಳುತ್ತಿತ್ತು.

ಬದಲಿಸಲೇಬೇಕಾದರೆ ಬಾಯಿಯ ಒಳಗಳತೆ, ಬೋಲ್ಟ್ ತೂತುಗಳ ಅಂತರ ಎರಡನ್ನೂ ವರ್ನಿಯರ್‌ನಲ್ಲಿ ಅಳೆದುಕೊಂಡೇ ತನ್ನಿ. ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುವ ಮೇನ್ ಸೂಜಿಯನ್ನು ಮೆಲ್ಲಗೆ ಮುಚ್ಚಿ, ಸುಮಾರು 2 ಸುತ್ತು ತೆರೆದು ಸ್ಟಾರ್ಟ್ ಮಾಡಿ. ಜಾಸ್ತಿ ಬಿಗಿದರೆ ಸೂಜಿಯ ತುದಿ ಹಾಳಾಗುತ್ತದೆ.