ಮನೆಗೆ ಅಡ್ವಾನ್ಸ್ ಕೊಡುವ ಮೊದಲು

ಪಾಂಡವಪುರದ ಹತ್ತಿರದ ಹಳ್ಳಿಯ ತಾಯಿಯೊಬ್ಬರು ಬರೆದ ಪತ್ರದ ಕೆಲವು ಸಾಲು: “ಮಗ ಸೆಕೆಂಡ್ ಪಿಯುಸಿ. ಓದಿನಲ್ಲಿ ಚುರುಕು. ಹೊರಗೆ ಹೋದರೆ ಮಾತ್ರ ಬಾಯೇ ಬಿಡಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿದ್ದೆವು. ಗುಮಾಸ್ತರು ಅವನ ಹುಟ್ಟಿದ ತಾರೀಖು ಕೇಳಿದರೆ ನನ್ನ ಮುಖ ನೋಡಿದ. ಮುಂದಿನ ವರ್ಷ ಇಂಜಿನಿಯರಿಂಗ್‌ಗೆ ಮೈಸೂರಿಗೆ ಹೋದರೆ ಹೇಗೆ ಇರ್ತಾನೋ. ಕುವೆಂಪುನಗರದಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೇನೆ. ನಾನೂ ಜತೆಗೆ ಹೋಗಿ ಇರಲಾ?”

ಪ್ರಿಯ ಸೋದರಿ,

ಬೇಡ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡಿ.

ಮಗ ನಿಮ್ಮ ಮುಖ ನೋಡಿದ ಅಂತ ಬರೆದಿದ್ದೀರಿ. ಕೊನೆಗೆ ತಾರೀಖು ಹೇಳಿದ್ದು ಯಾರು ಅಂತ ಬರೆದಿಲ್ಲ. ನೀವೇ ಹೇಳಿರುತ್ತೀರಿ, ಅಲ್ವಾ? ಹಿಂದೆ ಕ್ಯೂ ಬೆಳೆದಿರುತ್ತದೆ, ಗುಮಾಸ್ತರು ಸಿಡುಕುತ್ತಾರೆ, ಸುಮ್ನೆ ನಾವೇ ಹೇಳಿ ಮುಗಿಸೋಣ ಅನ್ನಿಸುತ್ತದೆ. ಹದಿನೇಳು ವರ್ಷ ಹೀಗೇ ನಡೆದುಬಂದಿದ್ದರೆ ಹುಡುಗ ಬಾಯಿ ಬಿಡಬೇಕಾದ ಪ್ರಸಂಗವೇ ಬಂದಿಲ್ಲ. ಧೈರ್ಯ ಬಂದ ಮೇಲೆ ಕಳಿಸೋಣ ಅಂತ ಕಾದರೆ ಅದು ಬರುವುದು ಎಲ್ಲಿಂದ? ನಾಲ್ಕು ಕಡೆ ತಡವರಿಸಲಿ, ಒಂದು ಕಡೆ ಬೈಸಿಕೊಳ್ಳಲಿ. ಈ ವರ್ಷ, ನಿಮ್ಮೂರ ಸುತ್ತಮುತ್ತಲೇ ಅದು ಆಗಿಹೋದರೆ ಒಳ್ಳೆಯದು.

ಅದಕ್ಕೆ ಕೆಲಸ ಹುಡುಕಿಕೊಂಡು ಹೋಗಬೇಕಾಗಿಲ್ಲ. ಇಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಯೇ ಬೇಕಾದಷ್ಟು ಕೊಡುತ್ತದೆ. ಅವನು ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲೇ ಓದಿದವನು ಅಂದಿದ್ದೀರಿ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೇಳಬೇಕಾದರೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ ಹಾಕಿಸಬೇಕು, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲುಸಹಿ. ಪ್ರಾಥಮಿಕ ಶಾಲೆ ಒಂದೂರು, ಹೈಸ್ಕೂಲು ಇನ್ನೊಂದೂರು ಆದರೆ ಎರಡೂ ಕಡೆ ಓಡಾಡಬೇಕು. ಒಬ್ಬನೇ ಹೋಗಲಿ. “ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಬಾ” ಅನ್ನಿಸಿಕೊಂಡು ಬರಿಗೈಲಿ ವಾಪಸ್ ಬಂದರೂ ಬರಲಿ. ನೀವು ಮಾತ್ರ ಪರಿಚಯದವರಿಗೆ ಫೋನ್ ಮಾಡಿಸಲು ಹೋಗಬೇಡಿ. ಅವನಿಗೂ ಸಮಯ ಸಿಗಬೇಕು, ಅದಕ್ಕೇ ಈ ಕೆಲಸ ಈಗಲೇ ಶುರುವಾಗಲಿ. ಪರೀಕ್ಷೆ ಹತ್ತಿರ ಬಂದ ಮೇಲೆ ಇದೆಲ್ಲ ಆಗಲ್ಲ.

ಇದಕ್ಕಿಂತ ಮುಖ್ಯವಾದದ್ದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವುದು. ನಮ್ಮ ಕಡೆ ಇದನ್ನು ಸೈಬರ್ ಸೆಂಟರಿನವರ ಕೈಗೆ ಕೊಟ್ಟು ಅಪ್ಪ ಮಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಪಾಸ್‌ವರ್ಡ್ ಅಂಗಡಿಯ ನೋಟ್‌ಬುಕ್ಕಿನಲ್ಲಿರುತ್ತದೆ. ಹುಡುಗನಿಗೆ ತಾನು ಯಾವ ಕಾಲೇಜನ್ನು ಎಷ್ಟನೇ ಸ್ಥಾನದಲ್ಲಿ ಹಾಕಿದ್ದೇನೆ ಅನ್ನುವುದೇ ನೆನಪಿರಲ್ಲ. ಸೀಟು ಸಿಗುವುದು ರ್‍ಯಾಂಕ್ ಮೇಲೆ, ಅವನು ಕೊಟ್ಟ ಆ ಕ್ರಮದ ಮೇಲೆ. ಮೂರನೆಯದು ಸಿಕ್ಕಿತು ಅಂದರೆ ನಾಲ್ಕನೆಯದನ್ನು ಯಾರೂ ನೋಡಲ್ಲ. ಹಾಗಾಗಿ ಅವನೇ ಒಂದು ಹಾಳೆಯಲ್ಲಿ ಬರೆಯಲಿ: ಕಾಲೇಜು, ಬ್ರಾಂಚು, ಫೀಸು, ಮನೆಯಿಂದ ಎಷ್ಟು ದೂರ. ಮೈಸೂರಿನವೇ ಯಾಕೆ, ಮಂಡ್ಯದ ಪಿಇಎಸ್ ಕೂಡ ಇದೆ, 1962ರ ಕಾಲೇಜು. ನೀವೂ ಯಜಮಾನರೂ ನೋಡಿ, ಫೀಸಿನ ಬಗ್ಗೆ ಹೇಳುವುದನ್ನು ಹೇಳಿ. ಕೊನೆಯ ಕ್ರಮ ಅವನದೇ ಇರಲಿ. ಓಟಿಪಿ ಅವನ ಫೋನಿಗೇ ಬರಲಿ.

ದುಡ್ಡಿನ ವಿಷಯ ಜಾಸ್ತಿ ಹೇಳಲ್ಲ. ಹತ್ತು ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕಿನ 2025ರ ಸೂಚನೆಯಲ್ಲಿದೆ, ಎಷ್ಟರವರೆಗೆ ಅನ್ನುವುದು ಬ್ಯಾಂಕಿಗೆ ಬಿಟ್ಟದ್ದು. ಖಾತೆ ತೆರೆಸಿ, ತಿಂಗಳಿಗೆ ಇಷ್ಟು ಅಂತ ಹಾಕಿ. ಇಪ್ಪತ್ತನೇ ತಾರೀಖಿಗೇ ಖಾಲಿ ಮಾಡಿಕೊಂಡರೆ ಉಳಿದ ಹತ್ತು ದಿನ ಕಷ್ಟಪಡಲಿ. ಅನ್ನ, ಉಪ್ಸಾರು ಮಾಡುವುದು, ಬಟ್ಟೆ ಒಗೆಯುವುದು ಎರಡು ವಾರದಲ್ಲಿ ಬರುತ್ತದೆ. ಗಂಡು ಹುಡುಗ ಅಂತ ಬಿಟ್ಟಿದ್ದೀರಿ ಅಷ್ಟೆ.

ಒಂದು ಮಾತು. ನಾಚಿಕೆ ಬೇರೆ, ಮನಸ್ಸಿನ ನೋವು ಬೇರೆ. ಸ್ನೇಹಿತರ ಜತೆಗೂ ಮಾತು ಬಿಟ್ಟಿದ್ದಾನಾ, ನಿದ್ದೆ ಊಟ ಕೆಟ್ಟಿದೆಯಾ, ಗಮನಿಸಿ. ಹಾಗಿದ್ದರೆ ನಾನು ಮೇಲೆ ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಬಾಡಿಗೆ ಮನೆ. ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತೇವೆ ಅಂತ ನೀವೇ ಬರೆದಿದ್ದೀರಿ. ನೀವು ಮೈಸೂರಿಗೆ ಹೋದರೆ ಹಾಲು ಕರೆಯುವುದು ಯಾರು? ಯಜಮಾನರು ಏನಂದರು ಅಂತ ಇಡೀ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅವರನ್ನು ಕೇಳಿದ್ದೀರಾ? ನೀವು ಅಲ್ಲಿದ್ದರೆ ಮಗನಿಗೆ ಊಟಕ್ಕೆ ತೊಂದರೆ ಆಗಲ್ಲ ನಿಜ, ಆದರೆ ಬ್ಯಾಂಕಿಗೆ, ಕಾಲೇಜಿನ ಆಫೀಸಿಗೆ ಮತ್ತೆ ನೀವೇ ಹೋಗುತ್ತೀರಿ. ಸೀಟು ಸಿಕ್ಕಿದ ಮೇಲೆ ಕಾಲೇಜಿನ ಹಾಸ್ಟೆಲ್ ವಿಚಾರಿಸಿ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲಿಗೂ ಅರ್ಜಿ ಹಾಕಬಹುದು, ಅರ್ಜಿ ಆನ್‌ಲೈನ್. ಜಾತಿ, ಆದಾಯ ಪ್ರಮಾಣಪತ್ರ ಅಲ್ಲೂ ಕೇಳುತ್ತಾರೆ. ನಾಡಕಚೇರಿಯಿಂದ ಅದು ಬಂತಾ ಅಂತ ನೋಡಿಕೊಂಡು ಬರಲು ನಾಳೆ ಮಗನನ್ನೇ ಕಳಿಸಿ.

— ಸಂಪಾದಕ