ಹನಿಯೊಳಗಿನ ಹೂವು ಮಸುಕಾಗುವುದೇಕೆ?

ಪ್ರಶ್ನೆ: ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬಯಲಿನಲ್ಲಿ ನಮ್ಮೂರು. ಬೆಳಗ್ಗೆ ಗದ್ದೆ ಬದುವಿನ ಹುಲ್ಲಿನ ಮೇಲಿನ ಇಬ್ಬನಿಯನ್ನು 100 ಮಿ.ಮೀ. ಮ್ಯಾಕ್ರೊ ಲೆನ್ಸ್‌ನಲ್ಲಿ ತೆಗೆಯುತ್ತೇನೆ. ಹನಿಯ ಅಂಚು ಸ್ಪಷ್ಟ, ಒಳಗೆ ಕಾಣುವ ಚೆಂಡುಹೂ ಮಾತ್ರ ಮಸುಕು. ಲೆನ್ಸಿನ ಬೆಳಕಿನ ಕಿಂಡಿ ಕಿರಿದು ಮಾಡಿ ಎಫ್/11 ಇಟ್ಟರೂ ಅಷ್ಟೇ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸ್ ಕೆಟ್ಟಿಲ್ಲ. ಹನಿಯೂ ಒಂದು ಲೆನ್ಸೇ. ಹಿಂದಿನ ಹೂವಿನ ತಲೆಕೆಳಗಾದ ಬಿಂಬವನ್ನು ಅದು ತನ್ನೊಳಗಲ್ಲ, ಕ್ಯಾಮೆರಾ ಕಡೆಗೆ ತುಸು ಮುಂದೆ ಮೂಡಿಸುತ್ತದೆ. 2 ಮಿ.ಮೀ. ಅಗಲದ ದುಂಡು ಹನಿಯಾದರೆ ಬಿಂಬ ಅಂಚಿಗಿಂತ ಸುಮಾರು 2 ಮಿ.ಮೀ. ಮುಂದಿರುತ್ತದೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮ್ ಚೌಕಟ್ಟಿನಷ್ಟೇ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಸೆನ್ಸರ್ ಮೇಲೆ ವಸ್ತು ನಿಜ ಗಾತ್ರದಲ್ಲೇ ಮೂಡುವಾಗ, ಎಫ್/11ರಲ್ಲಿ ಫೋಕಸ್ಸಿಗೆ ಸಿಗುವ ಆಳ 1.3 ಮಿ.ಮೀ. ಆಸುಪಾಸು. ಎರಡೂ ಒಟ್ಟಿಗೆ ಹೇಗೆ ಸಿಕ್ಕಾವು? ಎಫ್/22ಕ್ಕೆ ಹೋದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದರ ಬದಲು ಹಿಂದೆ ಸರಿದು 1:2ಕ್ಕೆ (ಅರ್ಧ ಗಾತ್ರಕ್ಕೆ) ಬನ್ನಿ. ಅದೇ ಎಫ್/11ರಲ್ಲಿ ಸುಮಾರು 4 ಮಿ.ಮೀ. ಆಳ ಸಿಗುತ್ತದೆ. ಫೋಕಸ್ಸನ್ನು ಅಂಚು, ಬಿಂಬ ಎರಡರ ನಡುವೆ ನಿಲ್ಲಿಸಿ, ಆಮೇಲೆ ಕ್ರಾಪ್ ಮಾಡಿಕೊಳ್ಳಿ.

ಆಟೊಫೋಕಸ್ ಹನಿಯ ಅಂಚನ್ನೋ ಹುಲ್ಲನ್ನೋ ಹಿಡಿದುಬಿಡುತ್ತದೆ. ಇಲ್ಲಿ ಅದನ್ನು ನಂಬಬೇಡಿ. ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡುತ್ತಾ, ಫೋಕಸ್ ರಿಂಗ್ ಮುಟ್ಟದೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ. 5 ಸೆಂ.ಮೀ. ಅಗಲದ ಹೂವನ್ನು ಹನಿಯಿಂದ 10 ಸೆಂ.ಮೀ. ಹಿಂದಿಟ್ಟರೆ ಬಿಂಬ ಹನಿಯ ಅರ್ಧದಷ್ಟಾಗುತ್ತದೆ. ಹತ್ತಿರ ತಂದಷ್ಟೂ ಹಿಗ್ಗುತ್ತದೆ. ಹೂವಿನ ಮುಖ ಕ್ಯಾಮೆರಾ ಕಡೆಗಿರಲಿ.

ಹುಲ್ಲು ಅಲುಗಿದರೆ ಇದೆಲ್ಲ ವ್ಯರ್ಥ. ಮೊದಲು ಒಂದು ಕಡ್ಡಿ ನೆಟ್ಟು, ಹನಿಯಿಂದ ನಾಲ್ಕು ಬೆರಳು ಕೆಳಗೆ ಬಟ್ಟೆ ಕ್ಲಿಪ್ಪಿನಿಂದ ಹುಲ್ಲನ್ನು ಅದಕ್ಕೆ ಸೇರಿಸಿ. ಹುಲ್ಲು ಹಿಡಿದ ಮೇಲೆ ಕಡ್ಡಿ ನೆಡಲು ಹೋದರೆ ಹನಿ ಉದುರುತ್ತದೆ. ಟ್ರೈಪಾಡ್ ಇದ್ದು ಗಾಳಿ ನಿಂತಿದ್ದರೆ ಶಟರ್ ವೇಗ 1/60 ಸೆಕೆಂಡ್ ಸಾಕು, ಕೈಯಲ್ಲಿ ಹಿಡಿದಿದ್ದರೆ 1/250. ಬೆಳಕು ಸಾಲದಿದ್ದರೆ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600ರವರೆಗೆ ಏರಿಸಲು ಹಿಂಜರಿಯಬೇಡಿ.

ಇನ್ನೊಂದು ಮಾತು. ಭತ್ತದ ಎಳೆ ಗರಿಯ ತುದಿಯಲ್ಲಿ, ಅಂಚಿನುದ್ದಕ್ಕೂ ಸಾಲಾಗಿ ಕೂರುವ ದಪ್ಪ ಹನಿಗಳು ಹೆಚ್ಚಾಗಿ ಇಬ್ಬನಿಯಲ್ಲ. ಬೇರಿನ ಒತ್ತಡಕ್ಕೆ ಗಿಡವೇ ಸಣ್ಣ ರಂಧ್ರಗಳಿಂದ ಹೊರಹಾಕಿದ ನೀರು ಅದು. ಬಿಂಬ ಹಿಡಿಯಲು ಅವೇ ವಾಸಿ; ದೊಡ್ಡವು, ದುಂಡಗಿನವು. ನಿಜವಾದ ಇಬ್ಬನಿ ಎಲೆ ತುಂಬ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಅದಕ್ಕೆ ಶುಭ್ರ ಆಕಾಶ, ಗಾಳಿಯಿಲ್ಲದ ರಾತ್ರಿ ಬೇಕು. ಮೋಡ ಕವಿದಿದ್ದರೆ ನೆಲದ ಬಿಸಿ ಹೊರಹೋಗದೆ ಇಬ್ಬನಿ ಸರಿಯಾಗಿ ಕೂರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಹುಟ್ಟುವುದು ಸುಮಾರು 6.30ರಿಂದ 6.50ರೊಳಗೆ. ಹನಿಯೊಳಗಿನ ಹೂವಿಗೆ ಅದಕ್ಕೂ ಮುಂಚಿನ ಮೆದು ಬೆಳಕೇ ಸರಿ. ಬಿಸಿಲು ಬಿದ್ದ ಮೇಲೆ ಹನಿಯಲ್ಲಿ ಬಿಳಿ ಚುಕ್ಕೆ ಉರಿಯುತ್ತದೆ. ಆಗ ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಅರ್ಧದಷ್ಟು) ಇಳಿಸಿ, ಲೆನ್ಸ್ ಹುಡ್ ಹಾಕಿ, ಸೂರ್ಯನಿಗೆ ಎದುರಾಗಿ ಹೊಳಪಿನ ಚಿತ್ರ ತೆಗೆಯಿರಿ.