ಅರ್ಧದಲ್ಲೇ ಬಿಟ್ಟು ಹೋದ ರೋಗಿ ಯಾವ ಲೆಕ್ಕಕ್ಕೆ?

ಪ್ರಶ್ನೆ: ನಾನು ಎಂ.ಡಿ. ಎರಡನೇ ವರ್ಷದ ವಿದ್ಯಾರ್ಥಿನಿ. ಒಂದೇ ಔಷಧಿಯ ಮೇಲೆ ನಡೆದ ಹಲವು ಟ್ರಯಲ್‌ಗಳನ್ನು ಒಟ್ಟುಗೂಡಿಸಿ ಮೆಟಾ-ಅನಾಲಿಸಿಸ್ ಮಾಡುತ್ತಿದ್ದೇನೆ. ಕೆಲವು ಟ್ರಯಲ್‌ಗಳಲ್ಲಿ ಅರ್ಧಕ್ಕರ್ಧ ಜನ ನಡುವೆಯೇ ಬಿಟ್ಟು ಹೋಗಿದ್ದಾರೆ. "ಹೋದವರನ್ನೆಲ್ಲ ಗುಣವಾಗಿಲ್ಲ ಅಂತ ಹಾಕಿಬಿಡಿ, ಅದೇ ಸೇಫ್" ಅನ್ನುತ್ತಾರೆ ನಮ್ಮ ಗೈಡ್. ಇದು ಸರಿಯಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸುಮಾರು ಜನ ಹೇಳುವ ಮಾತೇ. ಶುರುವಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅದು ಸೇಫ್ ಅನ್ನುವುದು ಯಾವಾಗಲೂ ನಿಜವಲ್ಲ. ಎಷ್ಟೋ ಸಲ ಅದೇ ಲೆಕ್ಕ ಔಷಧಿಯ ಕಡೆಗೆ ತಕ್ಕಡಿ ವಾಲಿಸುತ್ತದೆ.

ಒಂದು ಟ್ರಯಲ್ ಬಿಡಿಸಿ ನೋಡೋಣ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಹ್ಯಾಲೊಪೆರಿಡಾಲ್ ಔಷಧಿ ತೆಗೆದುಕೊಂಡವರನ್ನೂ ಪ್ಲಸೀಬೊ, ಅಂದರೆ ಔಷಧಿಯೇ ಇಲ್ಲದ ಮಾತ್ರೆ, ತೆಗೆದುಕೊಂಡವರನ್ನೂ ಹೋಲಿಸಿದ 17 ಟ್ರಯಲ್‌ಗಳಿವೆ. 2008ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹಿಗಿನ್ಸ್, ವೈಟ್ ಮತ್ತು ವುಡ್ ಇದೇ ಸಮಸ್ಯೆಯ ಬಗ್ಗೆ ಬರೆದಾಗ ಉದಾಹರಣೆಗೆ ತೆಗೆದುಕೊಂಡಿದ್ದು ಇವನ್ನೇ. ಅವುಗಳಲ್ಲಿ ಸೆಲ್ಮನ್ ಹೆಸರಿನದು ಒಂದು. ಎರಡೂ ಕಡೆ 29 ಜನ. ಔಷಧಿ ಕಡೆ 17 ಜನರಿಗೆ ಗುಣ ಕಂಡಿತು, ಒಬ್ಬರಿಗೆ ಇಲ್ಲ, 11 ಜನ ಬಿಟ್ಟು ಹೋದರು. ಪ್ಲಸೀಬೊ ಕಡೆ 7 ಜನರಿಗೆ ಗುಣ, 4 ಜನರಿಗೆ ಇಲ್ಲ, 18 ಜನ ಬಿಟ್ಟು ಹೋದರು. ಅಂದರೆ ಒಟ್ಟು 58ರಲ್ಲಿ 29 ಜನರ ಗತಿ ಏನಾಯಿತು ಅಂತಲೇ ಗೊತ್ತಿಲ್ಲ.

ಉಳಿದವರನ್ನು ಮಾತ್ರ ಎಣಿಸಿದರೆ 18ಕ್ಕೆ 17, 11ಕ್ಕೆ 7. ಶೇ. 94 ಮತ್ತು ಶೇ. 64. ಔಷಧಿ ಸುಮಾರು ಒಂದೂವರೆ ಪಟ್ಟು ಮೇಲು. ಈಗ ಗೈಡ್ ಹೇಳಿದ ಹಾಗೆ ಹೋದವರೆಲ್ಲ ಗುಣವಾಗಿಲ್ಲ ಅನ್ನಿ. 29ಕ್ಕೆ 17, 29ಕ್ಕೆ 7. ಔಷಧಿ 2.4 ಪಟ್ಟು ಮೇಲಾಗಿಬಿಟ್ಟಿತು! ಯಾಕೆ? ಪ್ಲಸೀಬೊ ಕಡೆ ಬಿಟ್ಟವರು ಜಾಸ್ತಿ. ಅವರನ್ನೆಲ್ಲ ಸೋತವರ ಪಟ್ಟಿಗೆ ತಳ್ಳಿದ್ದಕ್ಕೆ ಆ ಕಡೆ ಇನ್ನಷ್ಟು ಬಡವಾಯಿತು, ಅಷ್ಟೇ.

ಔಷಧಿ ಕಡೆ ಹೋದವರೆಲ್ಲ ಸೋತರು, ಪ್ಲಸೀಬೊ ಕಡೆ ಹೋದವರೆಲ್ಲ ಗುಣವಾದರು ಅಂದುಕೊಂಡರೆ ಔಷಧಿ ಪ್ಲಸೀಬೊದ 0.68 ಪಟ್ಟು ಮಾತ್ರ, ಅಂದರೆ ಔಷಧಿಯೇ ಕಳಪೆ. ಅದನ್ನು ತಿರುಗಿಸಿ ಹಾಕಿದರೆ 4 ಪಟ್ಟು. ಒಂದೇ ಟ್ರಯಲ್, ಅವೇ ರೋಗಿಗಳು!

ಇನ್ನೊಂದು ತೊಂದರೆಯೂ ಇದೆ, ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ನೀವು ಊಹಿಸಿ ತುಂಬಿದ ಆ 29 ಜನರನ್ನು ಸಾಫ್ಟ್‌ವೇರ್ ನಿಜವಾಗಿ ನೋಡಿದವರು ಅಂತಲೇ ಎಣಿಸುತ್ತದೆ. ಹಾಗಾಗಿ ಅರ್ಧ ಖಾಲಿಯಿರುವ ಟ್ರಯಲ್‌ಗೂ ಒಟ್ಟು ಲೆಕ್ಕದಲ್ಲಿ ತುಂಬಿದ ಟ್ರಯಲ್‌ನಷ್ಟೇ ತೂಕ ಸಿಗುತ್ತದೆ. ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ) ಕೂಡ ಸುಮ್ನೆ ಕಿರಿದಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು, ಯಾಕೆ ಹೋದರು ಅಂತ ಲೇಖನದಲ್ಲಿ ಹುಡುಕಿ. ಪ್ಲಸೀಬೊ ಕಡೆಯವರು ಕಾಯಿಲೆ ಜಾಸ್ತಿಯಾಗಿ ಹೋಗಿರಬಹುದು. ಹ್ಯಾಲೊಪೆರಿಡಾಲ್ ಕಡೆಯವರು ನಡುಕ, ಮೈ ಬಿಗಿತ ತಾಳಲಾರದೆ ಹೋಗಿರಬಹುದು. ಊರು ಬದಲಾಯಿಸಿದವರೂ ಇರುತ್ತಾರೆ. ಗುಣವಾಯಿತು, ಇನ್ನು ಆಸ್ಪತ್ರೆಗೆ ಯಾಕೆ ಅಂತ ಬಿಟ್ಟವರೂ ಇರುತ್ತಾರೆ ಅಲ್ವಾ? ಸಿಗರೇಟು ಬಿಡಿಸುವ ಟ್ರಯಲ್‌ಗಳಲ್ಲಿ, ಬಾರದವರು ಮತ್ತೆ ಸೇದಲು ಶುರು ಮಾಡಿದ್ದಾರೆ ಅಂತ ಹಿಡಿಯುವ ರೂಢಿ ಇದೆ. ಅಲ್ಲಿ ಅದಕ್ಕೊಂದು ಅರ್ಥವಿದೆ. ಎಲ್ಲ ಕಾಯಿಲೆಗೂ ಅದೇ ಅಳತೆ ಹಿಡಿಯಲು ಆಗುವುದಿಲ್ಲ.

ಆಮೇಲೆ ಒಂದು ಹದವಾದ ಊಹೆ ಇಟ್ಟುಕೊಳ್ಳಿ. ಉದಾಹರಣೆಗೆ, ಬಿಟ್ಟು ಹೋದವರು ಗುಣವಾಗುವ ಆಡ್ಸ್ (ಗುಣವಾದವರಿಗೂ ಆಗದವರಿಗೂ ಇರುವ ಅನುಪಾತ), ಉಳಿದವರ ಆಡ್ಸ್‌ನ ಅರ್ಧ ಅನ್ನಿ. ಔಷಧಿ ಕಡೆ ಉಳಿದವರ ಆಡ್ಸ್ 17ಕ್ಕೆ 1. ಅರ್ಧ ಅಂದರೆ 8.5ಕ್ಕೆ 1. ಹೋದ 11 ಜನರಲ್ಲಿ ಸುಮಾರು 9.8 ಜನ ಗುಣವಾದ ಲೆಕ್ಕ. (ಪಾಯಿಂಟ್ ಎಂಟು ಮನುಷ್ಯ ಯಾರು ಅಂತ ಕೇಳಬೇಡಿ, ಇದು ಸರಾಸರಿ.) ಪ್ಲಸೀಬೊ ಕಡೆ 18ರಲ್ಲಿ 8.4. ಆಗ ಶೇ. 93 ಮತ್ತು ಶೇ. 53, ಔಷಧಿ 1.7 ಪಟ್ಟು ಮೇಲು. ಈ 'ಅರ್ಧ'ವನ್ನು ಮೂರನೇ ಒಂದು, ಎರಡು ಪಟ್ಟು ಅಂತ ಬದಲಿಸುತ್ತಾ, ಎರಡೂ ಕಡೆಗೆ ಬೇರೆ ಬೇರೆ ಇಟ್ಟೂ ನೋಡಿ. ಸ್ಟೇಟಾ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಮೆಟಾಮಿಸ್ ಅನ್ನುವ ಕಮ್ಯಾಂಡ್ ಇದನ್ನೇ ಮಾಡುತ್ತದೆ. ಊಹೆ ಅಂತ ಅದಕ್ಕೆ ಗೊತ್ತಿರುವುದರಿಂದ ತೂಕವನ್ನೂ ಇಳಿಸುತ್ತದೆ.

ಥೀಸಿಸ್‌ನಲ್ಲಿ ಉಳಿದವರ ಲೆಕ್ಕವನ್ನು ಮೊದಲು ಕೊಡಿ, ಈ ಬದಲಾವಣೆಗಳನ್ನು ಪಕ್ಕದಲ್ಲೇ ಇನ್ನೊಂದು ಪಟ್ಟಿಯಲ್ಲಿ ಹಾಕಿ. ಗೈಡ್ ಹೇಳಿದ ಲೆಕ್ಕವೂ ಅದರಲ್ಲಿ ಒಂದು ಸಾಲಾಗಿ ಇರಲಿ, ಜಗಳ ಬೇಡ.

ಪ್ರಶ್ನೆ: ಕೆಲವು ಲೇಖನಗಳಲ್ಲಿ ಸರಾಸರಿ ಇದೆ, ಸ್ಟ್ಯಾಂಡರ್ಡ್ ಡೀವಿಯೇಶನ್ (ಒಬ್ಬೊಬ್ಬರ ಅಳತೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಂಕಿ) ಕೊಟ್ಟಿಲ್ಲ. ಅಂಥ ಟ್ರಯಲ್ ಕೈಬಿಡಬೇಕೇ?

ಉತ್ತರ: ಬೇಡ. ಹೆಚ್ಚಿನ ಸಲ ಅದು ಅಲ್ಲೇ ಎಲ್ಲೋ ಅಡಗಿರುತ್ತದೆ. ಒಂದು ಗುಂಪಿನ 64 ಜನರ ಬಿಪಿ ಸರಾಸರಿ 8 ಇಳಿಯಿತು, ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ 6ರಿಂದ 10 ಅಂತ ಬರೆದಿದ್ದಾರೆ ಅನ್ನಿ. ಅಗಲ 4. ಅದನ್ನು 3.92ರಿಂದ (1.96ರ ಎರಡರಷ್ಟು) ಭಾಗಿಸಿದರೆ 1.02, ಇದು ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿ ಎಷ್ಟು ಆಚೀಚೆ ಇರಬಹುದು ಅನ್ನುವ ಅಳತೆ. ಅದನ್ನು 64ರ ವರ್ಗಮೂಲ 8ರಿಂದ ಗುಣಿಸಿದರೆ ಸುಮಾರು 8.2. ನಿಮಗೆ ಬೇಕಾದ ಡೀವಿಯೇಶನ್ ಇದೇ. ಗುಂಪು ಚಿಕ್ಕದಿದ್ದರೆ 3.92ರ ಬದಲು ಟಿ-ಟೇಬಲ್ ನೋಡಿ.

ಹುಷಾರಾಗಿರಬೇಕಾದ್ದು ಇಲ್ಲಿ: ಸುಮಾರು ಜನ ಆ 1.02ನ್ನೇ ಡೀವಿಯೇಶನ್ ಅಂತ ಎಂಟ್ರಿ ಮಾಡಿಬಿಡುತ್ತಾರೆ. ಫಿಕ್ಸೆಡ್ ಎಫೆಕ್ಟ್ ಲೆಕ್ಕದಲ್ಲಿ (ಎಲ್ಲ ಟ್ರಯಲ್‌ಗಳ ಹಿಂದೆಯೂ ಒಂದೇ ನಿಜವಾದ ಪರಿಣಾಮ ಇದೆ ಅಂತ ಹಿಡಿಯುವ ವಿಧಾನ), ಎರಡೂ ಗುಂಪಿಗೆ ಹಾಗೆ ಮಾಡಿದರೆ, ಆ ಟ್ರಯಲ್ ತೂಕ 64 ಪಟ್ಟು ಏರುತ್ತದೆ. ಫಾರೆಸ್ಟ್ ಪ್ಲಾಟ್‌ನಲ್ಲಿ (ಪ್ರತಿ ಟ್ರಯಲ್‌ನ ಫಲಿತಾಂಶವನ್ನು ತೂಕಕ್ಕೆ ತಕ್ಕ ಚೌಕವಾಗಿ ತೋರಿಸುವ ಚಿತ್ರ) ಒಂದು ಸಣ್ಣ ಟ್ರಯಲ್ ದೊಡ್ಡ ಚೌಕವಾಗಿ ಕೂತಿದ್ದರೆ ಮೊದಲು ಅದರ ಡೀವಿಯೇಶನ್ ಎಂಟ್ರಿ ಸರಿಯಿದೆಯಾ ನೋಡಿ.